ತಪೇಲಿಯ ಮುಂದೆ ನೂರೆಂಟು ನಾಮ

ಸೂಜಿ ಕುದಿಸುವ ಆ ಪಾತ್ರೆಗೆ ನಮ್ಮ ಕಡೆ ಏನನ್ನುತ್ತಿದ್ದರು? ಚರಿಗೆಯಲ್ಲ, ಬೋಗುಣಿಯೂ ಅಲ್ಲ… ತಪೇಲಿ. ಹೌದು, ತಪೇಲಿಯೇ. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಪಾತ್ರೆಯ ಹೆಸರು ಮರೆತೀತು. ಪೂಜ್ಯ ಮೌನಲಿಂಗ ಅಜ್ಜನವರು ಅದರ ಮುಂದೆ ಕುಳಿತದ್ದು ಮರೆಯುವಂಥದಲ್ಲ.

ಅಜ್ಜನವರು ಹಳ್ಳದ ದಂಡೆಯ ಸಣ್ಣ ಮಠದಲ್ಲಿದ್ದರು. ಸರಕಾರಿ ಆಸ್ಪತ್ರೆಗೆ ಹೋದರೂ ಸೂಜಿ, ಔಷಧಿ ಹೊರಗಿನಿಂದ ಕೊಂಡು ತರಬೇಕಾಗಿದ್ದ ಕಾಲ. ಕೊಳ್ಳಲಾಗದವರಿಗೆ ಮಠದ ಜಗುಲಿಯೇ ದವಾಖಾನೆ. ಅಲ್ಲಿ ಇದ್ದದ್ದು ಗಾಜಿನ ಸಿರಿಂಜು ಎರಡು, ಸೂಜಿ ಮೂರು. ಒಬ್ಬರಿಗೆ ಚುಚ್ಚಿದ್ದನ್ನು ಕುದಿಸಿ ಇನ್ನೊಬ್ಬರಿಗೆ. ಮಠದಲ್ಲಿ ಗಡಿಯಾರವಿರಲಿಲ್ಲ. ನೀರು ಕುದಿಯಲು ಹತ್ತಿದ ಮೇಲೆ ಶಿವನ ನೂರೆಂಟು ನಾಮಗಳನ್ನು ಮೂರು ಸಲ ಹೇಳಿ ಮುಗಿಸಿಯೇ ಸೂಜಿ ತೆಗೆಯಬೇಕೆಂದು ಅಜ್ಜನವರ ಅಪ್ಪಣೆ.

ಜ್ವರದ ವರ್ಷ ಜನರ ಸಾಲು ಹಳ್ಳದವರೆಗೆ ಬೆಳೆಯಿತು. "ಪತ್ರೆಪ್ಪಣ್ಣಾ, ಸೂಜಿ ಕುದಸಾಕತ್ತೀಯೋ, ಬ್ಯಾಳಿ ಬೇಸಾಕತ್ತೀಯೋ?" ಎಂದು ಸಾಲಿನವರು ಚುಡಾಯಿಸಿದರು. ಮಠದಲ್ಲಿ ಸೂಜಿ ಹಾಕುತ್ತಿದ್ದ ಕಂಪೌಂಡರ್ ಪತ್ರೆಪ್ಪ ನಾಮಗಳನ್ನು ಹಾರಿಸತೊಡಗಿದ. ಮೂರು ಸಲ ಇದ್ದದ್ದು ಒಂದಾಯಿತು, ಒಂದು ಅರ್ಧವಾಯಿತು. ಕಣ್ಣು ಅರಿಸಿನದಂತೆ ಹಳದಿಯಾಗಿದ್ದ ಮುದುಕನೊಬ್ಬನಿಗೆ ಚುಚ್ಚಿದ ಸೂಜಿಯನ್ನು ನೀರಿಗೆ ಹಾಕಿದ, ಹತ್ತು ನಾಮ ಗುನುಗಿದ, ತೆಗೆದ. ಮುಂದೆ ಗುರುಸಂಗವ್ವನ ತೊಡೆಯ ಮೇಲೆ ಅವಳ ಆರು ವರ್ಷದ ಮಗಳು ತೋಳು ಚಾಚಿದ್ದಳು.

ಒಳಗೆ ಅದೇ ಜ್ವರದಲ್ಲಿ ಮಲಗಿದ್ದ ಅಜ್ಜನವರು, ನಾಮ ಹತ್ತಕ್ಕೇ ನಿಂತದ್ದು ಕೇಳಿ, ಗೋಡೆ ಹಿಡಿದು ಹೊರಗೆ ಬಂದರು. ತಪೇಲಿಯ ಎದುರು, ಕೂಸಿಗಿಂತ ಮುಂದೆ ಕುಳಿತು ತೋಳು ಚಾಚಿದರು.

"ಮೊದಲು ನನಗ ಹಾಕು."

ಪತ್ರೆಪ್ಪ ಅವರಿಗೆಂದೇ ಎತ್ತಿಟ್ಟಿದ್ದ ಹೊಸ ಸೂಜಿಗೆ ಕೈಹಾಕಿದ.

"ಅದಲ್ಲ. ಕೂಸಿಗೆ ಹಿಡಿದೀಯಲ್ಲ, ಅದು."

ಪತ್ರೆಪ್ಪ ಕೈಯಲ್ಲಿದ್ದ ಸೂಜಿಯನ್ನು ನೋಡಿದ. ಆ ಹಳದಿ ಕಣ್ಣುಗಳು ಎದುರಿಗೆ ಬಂದವು. ಅಜ್ಜನವರ ಒಣಗಿದ ತೋಳು, ಅದರ ಹಿಂದೆ ಕೂಸಿನ ತೋಳು. ಬೆಳಿಗ್ಗೆಯಿಂದ ಇನ್ನೆಷ್ಟು ತೋಳುಗಳು? ಸೂಜಿ ಕೆಳಗಿಳಿಸಿದ.

"ಆಗೂದಿಲ್ರಿ, ಅಜ್ಜಾರ… ಇದು ಕುದ್ದಿಲ್ಲ."

"ನನಗ ಆಗದ್ದು ಕೂಸಿಗೆ ಹ್ಯಾಂಗ ಆದೀತು?"

ಅಜ್ಜನವರು ಚಾಚಿದ ತೋಳು ಹಿಂತೆಗೆಯಲಿಲ್ಲ.

ಪತ್ರೆಪ್ಪ ಸೂಜಿಯನ್ನು ತಪೇಲಿಗೆ ಹಾಕಿ, ಮೊದಲ ನಾಮದಿಂದ ಗಟ್ಟಿಯಾಗಿ ಹೇಳತೊಡಗಿದ. ಸಾಲಿನಲ್ಲಿ ಯಾರೂ ಚುಡಾಯಿಸಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವನು ಅಂದು ಚುಚ್ಚಿಸಿಕೊಂಡವರ ಮನೆಮನೆಗೆ ಹೋಗಿ, ಬೆಳಕಿಗೆ ನಿಲ್ಲಿಸಿ, ಕಣ್ಣರೆಪ್ಪೆ ಸರಿಸಿ ನೋಡುತ್ತಿದ್ದ. ಸಾಯುವವರೆಗೂ ಒಂದು ನಾಮ ಬಿಡಲಿಲ್ಲ.

ಮಗಾ, ಪೆನ್ನು ತಗೋ. ಪತ್ರೆಪ್ಪನ ಬಾಯಿಂದ ಕೇಳಿ ಕಲಿತ ಆ ನೂರೆಂಟನ್ನೂ ಹೇಳುತ್ತೇನೆ, ಬರೆದಿಡು. ನಾನು ತಡವರಿಸಿದರೆ ಕಾಯಿ, ಒಂದನ್ನೂ ಹಾರಿಸಬೇಡ.