ಕುದುರೆಯ ದವಡೆ ಹಲ್ಲು

"ಗುರುಗಳೇ, ಏನೂ ಕಡಿಮೆ ಮಾಡದೆ ನೋಡಿಕೊಂಡರೂ ಒಬ್ಬರು ನಮ್ಮಿಂದ ಮುಖ ತಿರುಗಿಸಿಕೊಂಡರೆ ಏನು ಮಾಡಬೇಕು?"

ಕೇಳಿದವನು ಕೊಟ್ರಯ್ಯ. ಹತ್ತು ವರ್ಷಗಳಿಂದ ಮಠಕ್ಕೆ ನಡೆದುಕೊಳ್ಳುವ ಸಂಸಾರಸ್ಥ ಶಿಷ್ಯ.

"ಯಾರು ತಿರುಗಿಸಿಕೊಂಡರು?" ಎಂದರು ಗುರುಗಳು.

"ನನ್ನ ಮನೆಯವಳು. ಮನೆಯಲ್ಲಿ ಅಕ್ಕಿ ಜೋಳಕ್ಕೆ ಕೊರತೆಯಿಲ್ಲ. ಹಬ್ಬದ ಸೀರೆ ಒಂದು ವರ್ಷವೂ ತಪ್ಪಿಸಿಲ್ಲ. ಕೈ ಎತ್ತಿದವನೂ ಅಲ್ಲ. ಆದರೂ ಅವಳಲ್ಲಿ ನಗುವಿಲ್ಲ, ಮಾತಿಲ್ಲ. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾಳೆ. ನಾಳೆ ಬೆಳಗ್ಗೆ ತವರಿಗೆ ಕಳಿಸಿಬಿಡಬೇಕು ಎಂದಿದ್ದೇನೆ. ಅಪ್ಪಣೆ ಕೊಡಿ."

ಗುರುಗಳು ಅಪ್ಪಣೆ ಕೊಡಲೂ ಇಲ್ಲ, ಬೇಡವೆನ್ನಲೂ ಇಲ್ಲ. "ಕುಳಿತುಕೋ" ಎಂದರು. ಕೊಟ್ರಯ್ಯ ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕುದುರೆಗಾಡಿಯವನಿದ್ದ. ಅವನಿಗೆ ತಂದೆತಾಯಿ ಇರಲಿಲ್ಲ, ಒಡಹುಟ್ಟಿದವರು ಇರಲಿಲ್ಲ. ಮದುವೆಗೆ ಹೆಣ್ಣು ನೋಡುವವರೂ ಇರಲಿಲ್ಲ. ಇದ್ದದ್ದು ಒಂದು ಹೆಣ್ಣು ಕುದುರೆ. ಅದನ್ನು ಅವನು ತಂಗಿ ಎಂದು ಕರೆಯುತ್ತಿದ್ದ.

ಅವನ ಮನೆ ಎರಡು ಅಂಕಣದ್ದು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಕುದುರೆ. ನಡುವೆ ಗೋಡೆಯಿರಲಿಲ್ಲ, ಒಂದು ಬಿದಿರಿನ ಗಳು ಅಡ್ಡ ಕಟ್ಟಿತ್ತು. ಸಂಜೆ ಗಾಡಿ ಬಿಚ್ಚಿದ ಮೇಲೆ ಅವನು ಆ ದಿನದ ಸುದ್ದಿಯನ್ನೆಲ್ಲ ಕುದುರೆಗೆ ಹೇಳುತ್ತಿದ್ದ. ಯಾವ ಅಜ್ಜಿ ಗಾಡಿಯಲ್ಲೇ ನಿದ್ದೆಹೋದಳು, ಯಾವ ಗಂಡಹೆಂಡತಿ ದಾರಿಯುದ್ದಕ್ಕೂ ಜಗಳಾಡಿ ಇಳಿಯುವಾಗ ಒಂದಾದರು, ಎಲ್ಲವನ್ನೂ. ಕುದುರೆ ಹುಲ್ಲು ಅಗಿಯುತ್ತ ಕೇಳುತ್ತಿತ್ತು. ಅವನ ಮಾತು ಮುಗಿದಾಗ ಗಳುವಿನ ಮೇಲಿಂದ ಕತ್ತು ಚಾಚಿ ತನ್ನ ಕೆನ್ನೆಯನ್ನು ಅವನ ಹೆಗಲಿಗೆ ಒತ್ತುತ್ತಿತ್ತು. ಲೋಕದಲ್ಲಿ ಅವನನ್ನು ಮುಟ್ಟುವ ಜೀವ ಅದೊಂದೇ ಆಗಿತ್ತು.

ಆ ಪೇಟೆಯ ಗಾಡಿಯವರಲ್ಲಿ ಒಂದು ಕಟ್ಟಳೆ ಇತ್ತು. ಕುದುರೆಯ ಬಾಯಿ ತೆರೆದು ನೋಡುವುದು ಕೊಳ್ಳುವ ದಿನ ಮಾತ್ರ. ಮುಂದಿನ ಹಲ್ಲು ನೋಡಿ ವಯಸ್ಸು ತಿಳಿದುಕೊಂಡರೆ ಆಯಿತು. ಆಮೇಲೆ ಒಬ್ಬನು ತನ್ನ ಕುದುರೆಯ ಬಾಯಿ ತೆರೆಸಿದನೆಂದರೆ ಅದನ್ನು ಮಾರಲು ಹೊರಟಿದ್ದಾನೆ ಎಂದೇ ಲೆಕ್ಕ. ನೋಡಿದವರು ಅಲ್ಲೇ ಬೆಲೆ ಕೇಳುತ್ತಿದ್ದರು. ಹಾಗಾಗಿ ಕುದುರೆಯ ಮೇಲೆ ಪ್ರಾಣವಿಟ್ಟುಕೊಂಡವನು ಅದರ ಬಾಯಿ ನೋಡುತ್ತಿರಲಿಲ್ಲ. ಕಡಿವಾಣ ಹಾಕುವಾಗಲೂ ಕಣ್ಣು ಬೇರೆ ಕಡೆ ಇಡುತ್ತಿದ್ದ. "ಆರು ವರ್ಷವಾಯಿತು. ತಂಗಿಯ ತುಟಿ ಸರಿಸಿ ನೋಡಿದವನಲ್ಲ ನಾನು" ಎಂದು ಗಾಡಿಯವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಉಳಿದವರು ತಲೆದೂಗುತ್ತಿದ್ದರು.

ಏಳನೆಯ ವರ್ಷ ಕುದುರೆ ಸೊರಗತೊಡಗಿತು.

ಮೊದಲು ಗೋದಲಿಯ ಸುತ್ತ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಕಂಡವು. ಹುಲ್ಲು ಮುಗ್ಗಲಾಗಿರಬೇಕು ಎಂದುಕೊಂಡು ಅವನು ಕೆರೆಯ ಏರಿಯಿಂದ ಎಳೆ ಗರಿಕೆ ಕೊಯ್ದು ತಂದ. ಕುದುರೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ನಿಂತು, ಮೆಲ್ಲಗೆ ಅಗಿಯಿತು. ಅರ್ಧ ಉಗುಳಿತು. ಅವನು ನೆನೆಸಿದ ಹುರುಳಿಯನ್ನು ಇಮ್ಮಡಿ ಮಾಡಿದ.

ಪಕ್ಕದ ಮನೆಯಲ್ಲಿ ಹುರುಳಿ ಮಾರುವ ಹೆಂಗಸೊಬ್ಬಳಿದ್ದಳು. ಅವಳ ನಾಲಿಗೆಗೆ ಪೇಟೆಯೇ ಹೆದರುತ್ತಿತ್ತು. ಒಂದು ದಿನ ಅವಳು ಅವನ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಣ್ಣಾ, ನೀನು ಸಾಕುತ್ತಿರುವುದು ಕುದುರೆಯನ್ನೋ, ನನ್ನ ಕೋಳಿಗಳನ್ನೋ? ನಾನು ಅಳೆದುಕೊಟ್ಟ ಹುರುಳಿ ಇಡಿ ಇಡಿಯಾಗಿ ಲದ್ದಿಯಲ್ಲಿ ಬಿದ್ದಿದೆ. ಕೆದಕಿ ತಿಂದು ತಿಂದು ನನ್ನ ಕೋಳಿಗಳಿಗೆ ನಡೆಯಲು ಬರುತ್ತಿಲ್ಲ."

"ಹೊಟ್ಟೆ ಕೆಟ್ಟಿರಬೇಕಕ್ಕಾ."

"ಹೊಟ್ಟೆಗೆ ಮುಂಚೆ ಬಾಯಿ ಅಂತ ಒಂದಿದೆಯಪ್ಪಾ. ಅಲ್ಲಿ ನೋಡು."

"ನನ್ನ ಕುದುರೆ ಮಾರಾಟಕ್ಕಿಲ್ಲ."

"ಮಾರು ಅಂದೆನೇನು? ನೋಡು ಅಂದೆ."

ಅವನು ಬಾಗಿಲು ಹಾಕಿಕೊಂಡ. ಒಳಗೆ ಬಂದು, "ಕೇಳಿದೆಯಾ ತಂಗಿ, ನಿನ್ನ ಬಾಯಿ ತೆರೆಸಬೇಕಂತೆ" ಎಂದ. ಅಂದಿನಿಂದ ಹುರುಳಿಯನ್ನು ಬೇಯಿಸಿ, ಬೆಲ್ಲ ಹಾಕಿ, ಕೈಯಿಂದಲೇ ಮಸೆದು ಗಂಜಿಯಂತೆ ಮಾಡಿ ಇಡತೊಡಗಿದ. ತಾನು ಉಂಡದ್ದಕ್ಕಿಂತ ಹೆಚ್ಚು ಅದಕ್ಕೆ ಬಡಿಸಿದ.

ಮಳೆಗಾಲ ಕಳೆಯುವಷ್ಟರಲ್ಲಿ ಕುದುರೆ ಇನ್ನೊಂದು ಶುರುಮಾಡಿತು. ಎಡಕ್ಕೆ ಲಗಾಮು ಎಳೆದರೆ ತಲೆ ಕೊಡವುತ್ತಿತ್ತು. ಬಲಕ್ಕೆ ಎಳೆದರೆ ನಿಂತೇಬಿಡುತ್ತಿತ್ತು. ಒಮ್ಮೆ ಗಾಡಿಯನ್ನು ಚರಂಡಿಯ ಅಂಚಿಗೆ ಒಯ್ದಿತು. ಗಾಡಿಯಲ್ಲಿ ಬಸುರಿ ಹೆಂಗಸೊಬ್ಬಳಿದ್ದಳು. ಅವಳ ಗಂಡ ಪೇಟೆಯ ನಡುವೆ ನಿಂತು ಗಾಡಿಯವನನ್ನು ಬಾಯಿಗೆ ಬಂದಂತೆ ಬೈದ.

ಅವನು ಕುದುರೆಯನ್ನು ಲಾಳ ಕಟ್ಟುವವನ ಹತ್ತಿರ ಒಯ್ದ. ಲಾಳದವನು ಗೊರಸು ನೋಡಿದ, ಕಾಲು ನೋಡಿದ. "ಕಾಲು ಸರಿಯಾಗಿದೆ. ಉಣ್ಣಿಸಿ ಉಣ್ಣಿಸಿ ನೀನೇ ಕೆಡಿಸಿದ್ದೀಯ. ಇದು ಕೊಬ್ಬು" ಎಂದ. ಆ ಹೊತ್ತಿಗೆ ಕುದುರೆಯ ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಇಬ್ಬರೂ ಎಣಿಸಲಿಲ್ಲ. ಲಾಳದವನು ಒಂದು ಮುಳ್ಳಿನ ಕಡಿವಾಣ ಕೊಟ್ಟು, "ಇದನ್ನು ಹಾಕು, ನಾಲ್ಕು ದಿನದಲ್ಲಿ ದಾರಿಗೆ ಬರುತ್ತದೆ" ಎಂದ.

ನಾಲ್ಕು ದಿನ ಬೇಕಾಗಲಿಲ್ಲ. ಎರಡನೆಯ ದಿನವೇ ಕುದುರೆ ತಲೆ ಕೊಡವುವುದನ್ನು ಬಿಟ್ಟಿತು. ಎಳೆದ ಕಡೆ ತಿರುಗಿತು, ನಿಲ್ಲಿಸಿದ ಕಡೆ ನಿಂತಿತು. ಅದು ಸುಮ್ಮನಾಯಿತು. ಸುಮ್ಮನಾದದ್ದನ್ನು ಅವನು ಸರಿಯಾಯಿತು ಎಂದುಕೊಂಡ.

ಅಂದು ಸಂಜೆ ಅವನು ಖುಷಿಯಿಂದ ಆ ದಿನದ ಸುದ್ದಿ ಹೇಳಿದ. ಹೇಳಿ ಮುಗಿಸಿ ಗಳುವಿನ ಹತ್ತಿರ ಹೆಗಲು ಕೊಟ್ಟು ನಿಂತ. ಕುದುರೆ ಬರಲಿಲ್ಲ. ಅವನೇ ಗಳು ದಾಟಿಹೋಗಿ ಅದರ ಕೆನ್ನೆ ಸವರಿದ. ಬೆರಳು ತಾಕಿದ್ದೇ ತಡ, ಅದು ಮುಖ ಹಿಂದಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಿತು. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ.

ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ನಾನೇನು ಮಾಡಿದೆ ಎಂದು ಯೋಚಿಸಿದ. ಗರಿಕೆ ನೆನಪಾಯಿತು, ಬೆಲ್ಲ ನೆನಪಾಯಿತು, ಹುರುಳಿ ಮಸೆದು ಬಿರಿದ ತನ್ನ ಅಂಗೈ ನೆನಪಾಯಿತು. ತನ್ನ ಕಡೆ ತಪ್ಪೇ ಕಾಣಲಿಲ್ಲ. ತಪ್ಪು ಕಾಣದವನಿಗೆ ಸಿಟ್ಟು ಬೇಗ ಬರುತ್ತದೆ. ಅವನು ಕುದುರೆಗೆ ಸುದ್ದಿ ಹೇಳುವುದನ್ನು ನಿಲ್ಲಿಸಿದ. ತಂಗಿ ಎನ್ನುವುದನ್ನೂ ನಿಲ್ಲಿಸಿದ. ಮೇವು ಹಾಕುತ್ತಿದ್ದ, ನೀರು ಇಡುತ್ತಿದ್ದ, ತನ್ನ ಅಂಕಣಕ್ಕೆ ಬಂದು ಗೋಡೆಗೆ ಮುಖಮಾಡಿ ಮಲಗುತ್ತಿದ್ದ. ಗಳುವಿನ ಆಚೆ ಒಂದು ಜೀವ, ಈಚೆ ಒಂದು ಜೀವ. ಎರಡಕ್ಕೂ ಇನ್ನಾರೂ ಇರಲಿಲ್ಲ. ಆ ಮನೆಯಲ್ಲಿ ಆ ಚಳಿಗಾಲವಿಡೀ ಯಾರೂ ಮಾತಾಡಲಿಲ್ಲ.

ಕೊನೆಗೆ ಒಂದು ಬೆಳಗ್ಗೆ, "ನಾನು ಬೇಡವಾದ ಮೇಲೆ ನೀನು ನನಗೇಕೆ?" ಎಂದು ಕುದುರೆಗೆ ಹೇಳಿ, ಕುತ್ತಿಗೆಗೆ ಹಗ್ಗ ಕಟ್ಟಿ ಕುದುರೆ ಸಂತೆಗೆ ಹೊಡೆದುಕೊಂಡು ಹೋದ. ಕಡಿವಾಣ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಮಾರಿದ ಕುದುರೆಯ ಜೊತೆ ಹಳೆಯ ಕಡಿವಾಣ ಕೊಡುವ ರೂಢಿ ಅಲ್ಲಿ ಇರಲಿಲ್ಲ.

ಬಡಕಲು ಕುದುರೆಯನ್ನು ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಹಾದಿಯಲ್ಲಿ ಹೇರು ಕುದುರೆ ಹೊಡೆಯುವ ಒಬ್ಬ ಮುದುಕ ಬಂದ. ಎಲ್ಲರಂತೆ ಅವನೂ ತುಟಿ ಸರಿಸಿ ಮುಂದಿನ ಹಲ್ಲು ನೋಡಿ, "ಹತ್ತು ವರ್ಷ" ಎಂದ. ಗಾಡಿಯವನು ಹೌದೆಂದ. ಟವಲಿನ ಕೆಳಗೆ ಇಬ್ಬರೂ ಬೆರಳು ಹಿಡಿದು ಬೆಲೆ ಮಾಡಿದರು. ಹಗ್ಗ ಕೈ ಬದಲಾಯಿತು.

ಗಾಡಿಯವನು ತಿರುಗಿ ಹೊರಟಿದ್ದ. ಹಿಂದೆ ನೋಡಿದರೆ, ಮುದುಕ ಮತ್ತೆ ಕುದುರೆಯ ಬಾಯಿ ತೆರೆಸುತ್ತಿದ್ದ.

"ಅಜ್ಜಾ, ಹಲ್ಲು ಆಗಲೇ ನೋಡಿದೆಯಲ್ಲ. ವ್ಯಾಪಾರ ಮುಗಿಯಿತು. ಮತ್ತೇನು?"

"ಆಗ ನೋಡಿದ್ದು ಮುಂದಿನ ಹಲ್ಲು ತಮ್ಮಾ. ಅದು ನನಗಾಗಿ. ಈಗ ನೋಡುವುದು ದವಡೆ ಹಲ್ಲು. ಇದು ಅದಕ್ಕಾಗಿ."

ಮುದುಕ ಕುದುರೆಯ ನಾಲಿಗೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಎಳೆದು ಹಿಡಿದ. ಇನ್ನೊಂದು ಕೈಯನ್ನು ಕೆನ್ನೆಯ ಒಳಗೆ ಆಳಕ್ಕೆ ಇಳಿಸಿದ. ಕೈ ಹೊರಗೆ ಬಂದಾಗ ಬೆರಳಲ್ಲಿ ರಕ್ತವಿತ್ತು, ಕೊಳೆತ ವಾಸನೆಯಿತ್ತು. ಅವನು ಸಿಟ್ಟಾಗಲಿಲ್ಲ. "ಬಾ, ನೀನೂ ಕೈ ಹಾಕು" ಎಂದ.

ಗಾಡಿಯವನು ಏಳು ವರ್ಷಗಳಲ್ಲಿ ಮೊದಲ ಸಲ ಅದರ ಬಾಯಿಯೊಳಗೆ ಬೆರಳಿಟ್ಟ. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಕುಡುಗೋಲಿನಂತಿತ್ತು. ಒಳಗೆ ಕೆನ್ನೆಯುದ್ದಕ್ಕೂ ಸೀಳಿದ ಹುಣ್ಣು. ಕೆಳಗಿನ ಹಲ್ಲುಗಳ ಒಳ ಅಂಚು ನಾಲಿಗೆಯ ಪಕ್ಕದಲ್ಲಿ ಬರೆ ಎಳೆದಿತ್ತು.

"ಕುದುರೆಯ ಹಲ್ಲು ಮುದಿತನದವರೆಗೂ ಮೇಲೇಳುತ್ತಲೇ ಇರುತ್ತದೆ" ಎಂದ ಮುದುಕ. "ಬಯಲಲ್ಲಿ ದಿನವಿಡೀ ಒರಟು ಹುಲ್ಲು ಅರೆದರೆ ಅಷ್ಟಿಷ್ಟು ಸಮವಾಗಿ ಸವೆಯುತ್ತದೆ. ಮನೆಯಲ್ಲಿ ಕಟ್ಟಿ ಮೆತ್ತಗಿನದು ಹಾಕಿದರೆ ಅಂಚು ಉಳಿದು ಅಲಗಾಗುತ್ತದೆ. ಅಗಿದರೆ ಕೊಯ್ಯುತ್ತದೆ. ಲಗಾಮು ಎಳೆದರೆ ಕೆನ್ನೆ ಅದೇ ಅಲಗಿಗೆ ಒತ್ತುತ್ತದೆ. ವರ್ಷಕ್ಕೊಮ್ಮೆ ಒಳಗೆ ಕೈಯಾಡಿಸಿ, ಚೂಪಾಗಿದ್ದರೆ ಅರ ಹಾಕಿ ಉಜ್ಜಿದರೆ ಸಾಕಿತ್ತು."

"ಬೆಲ್ಲ ಹಾಕಿ, ಬೇಯಿಸಿ, ಮಸೆದು ಇಟ್ಟೆನಲ್ಲ ಅಜ್ಜಾ."

"ಇಟ್ಟಿರುತ್ತೀ. ತಿನ್ನಲು ಬಾಯಿ ಬೇಕಲ್ಲ."

ಮುದುಕ ಬಟ್ಟೆಯ ಸುರುಳಿಯಿಂದ ಮೊಳದುದ್ದದ ಹಿಡಿಯ ಅರವನ್ನು ತೆಗೆದು ನೀರಲ್ಲಿ ಅದ್ದಿದ. ಕೊಂಬು ಉಜ್ಜಿದಂತೆ ಸದ್ದಾಯಿತು. ಕುದುರೆ ಮೊದಲು ಹೆದರಿತು, ಆಮೇಲೆ ಕಣ್ಣು ಅರೆಮುಚ್ಚಿ ನಿಂತಿತು. ಎರಡೂ ಕಡೆ ಮುಗಿದ ಮೇಲೆ ಮುದುಕ ಉಪ್ಪುನೀರಿನಲ್ಲಿ ಬಾಯಿ ತೊಳೆದು ಒಂದು ಹಿಡಿ ಹುಲ್ಲು ಹಾಕಿದ. ಕುದುರೆ ತಲೆ ವಾಲಿಸಿಯೇ ಶುರುಮಾಡಿತು. ಎರಡು ಸಲ ಅಗಿದು ನಿಲ್ಲಿಸಿತು. ಮತ್ತೆ ಅಗಿಯಿತು. ತಲೆ ಮೆಲ್ಲಗೆ ನೇರವಾಯಿತು. ಒಂದು ಎಸಳೂ ಕೆಳಗೆ ಬೀಳಲಿಲ್ಲ.

ಗಾಡಿಯವನು ಮುದುಕನ ಮುಂದೆ ಕೈಮುಗಿದ. "ಅಜ್ಜಾ, ಇದನ್ನು ನನಗೆ ವಾಪಸು ಕೊಡು. ನನಗೆ ಬೇರೆ ಯಾರೂ ಇಲ್ಲ."

ಮುದುಕ, "ನಾನು ಕೊಡುವುದೇನು? ಕರೆ. ಬಂದರೆ ಒಯ್ಯಿ" ಎಂದು ಹಗ್ಗವನ್ನು ನೆಲಕ್ಕೆ ಬಿಟ್ಟ.

"ತಂಗಿ" ಎಂದು ಕರೆದ ಗಾಡಿಯವನು. ಎಷ್ಟೋ ತಿಂಗಳ ಮೇಲೆ ಕರೆದದ್ದು. ಕುದುರೆ ತಲೆಯೆತ್ತಿ ನೋಡಿತು. ಗುರುತು ಹಿಡಿಯಿತು. ಕಿವಿ ಮುಂದಕ್ಕೆ ಚಾಚಿ ಅವನ ಕಡೆ ಒಂದು ಹೆಜ್ಜೆ ಇಟ್ಟಿತು. ಅವನಿಗೆ ತಡೆಯಲಾಗಲಿಲ್ಲ. ಕೆನ್ನೆ ಸವರಲು ಕೈ ಚಾಚಿದ.

ಕುದುರೆ ಥಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡಿತು. ಹಲ್ಲಿನ ಅಲಗು ಹೋಗಿತ್ತು. ಅದಕ್ಕೆ ನೆನಪಿದ್ದದ್ದು ಆ ಕೈ.

ಅವನು ಕೈ ಇಳಿಸಿದ. ಇನ್ನೊಮ್ಮೆ ಕರೆಯಲಿಲ್ಲ. ತಾನೇ ಬಾಗಿ ನೆಲದ ಮೇಲಿನ ಹಗ್ಗ ಎತ್ತಿ ಮುದುಕನ ಕೈಗೆ ಕೊಟ್ಟು ನಡೆದ.

ಸಂತೆ ಹಿಂದೆ ಉಳಿಯಿತು. ಬಯಲಿನ ದಾರಿಯಲ್ಲಿ ಒಂದು ಕಡೆ ಅವನು ನಿಂತ. ಹೆಗಲಲ್ಲಿದ್ದ ಮುಳ್ಳಿನ ಕಡಿವಾಣವನ್ನು ತೆಗೆದು ತನ್ನ ಬಾಯಿಗಿಟ್ಟು ಎರಡೂ ಕಡೆಯಿಂದ ಎಳೆದು ನೋಡಿದ. ತುಟಿಯ ಮೂಲೆ ಹರಿದು ಗಲ್ಲಕ್ಕೆ ರಕ್ತ ಇಳಿಯಿತು. ಏನಾಯಿತು ಎಂದು ಕೇಳುವವರು ಆ ಬಯಲಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿಯೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಯ್ಯ, "ಕುದುರೆ ಪಾಪ, ಮೂಕಪ್ರಾಣಿ. ಅದಕ್ಕೆ ಹೇಳಲು ಬರುತ್ತಿರಲಿಲ್ಲ. ಆದರೆ ನನ್ನ ಮನೆಯವಳಿಗೆ ಮಾತು ಬರುತ್ತದಲ್ಲ ಗುರುಗಳೇ. ನೋವಿದ್ದರೆ ಹೇಳಬಹುದಿತ್ತಲ್ಲ?" ಎಂದ.

"ಎಷ್ಟು ಸಲ ಹೇಳಿದಳು, ಕೊಟ್ರಯ್ಯ?" ಎಂದರು ಗುರುಗಳು.