ಎಲ್ಲೆಡೆ ಎಂಬ ಮಾತು

ಗಣಿತ ಕಲಿಯುತ್ತಿದ್ದ ಶಿಷ್ಯೆಯೊಬ್ಬಳು ಗುರುವನ್ನು ಕೇಳಿದಳು: "ಗುರುಗಳೇ, ಸಮೀಕರಣದ ಪರಿಹಾರವು ಒಂದು ಪ್ರದೇಶದ ಒಳಗಿನಿಂದ ಅದರ ಅಂಚಿನತ್ತ ಹೋದಂತೆ ಅಂಚಿನ ಬೆಲೆಯನ್ನೇ ಮುಟ್ಟುತ್ತದೆ ಎಂದು ಸಾಧಿಸಿದ್ದೇನೆ. ಎಲ್ಲೋ ಕೆಲವು ಬಿಂದುಗಳಲ್ಲಿ ಮಾತ್ರ ಮುಟ್ಟುವುದಿಲ್ಲ. ಅವು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಅವನ್ನು ಬಿಟ್ಟು 'ಎಲ್ಲೆಡೆ' ಎಂದು ಬರೆದರೆ ತಪ್ಪೇ?"

ಗುರು ಹೇಳಿದರು:

ಸಮುದ್ರ ಸುತ್ತುವರಿದ ಒಂದು ನಾಡಿತ್ತು. ತನ್ನ ನೆಲದಲ್ಲಿ ಉಪ್ಪುನೀರಿನ ಬಾವಿಯೇ ಇಲ್ಲವೆಂದು ಡಂಗುರ ಹೊಡೆಸಬೇಕೆಂಬುದು ಅಲ್ಲಿನ ಅರಸನ ಆಸೆ. ಆದರೆ ನೀರು ಪರೀಕ್ಷಿಸುವ ಪಂಡಿತನು ಸಭೆಯಲ್ಲಿ ನಿಂತು ಹೌದೆನ್ನದೆ ಡಂಗುರ ಹೊಡೆಸುವಂತಿರಲಿಲ್ಲ.

ಪಂಡಿತನು ನಾಡಿನ ನಡುವಿನಿಂದ ಹೊರಟು, ಬಾವಿ ಬಾವಿಯ ನೀರು ಕುಡಿಯುತ್ತ ಕಡಲ ದಡದವರೆಗೆ ನಡೆದನು. ಎಲ್ಲವೂ ಸಿಹಿ. ಹಿಂದಿರುಗುವಾಗ, ಕಡಲು ಮುಳ್ಳಿನಂತೆ ನೆಲದೊಳಕ್ಕೆ ಚುಚ್ಚಿಕೊಂಡಿದ್ದ ಒಂದು ಜಾಗ ಕಂಡಿತು. ಆ ಸೀಳು ಎಷ್ಟು ಸಣ್ಣದೆಂದರೆ ಅದರ ಉಪ್ಪು ಅಕ್ಕಪಕ್ಕದ ಬಾವಿಗಳಿಗೆ ತಾಗಿರಲಿಲ್ಲ. ಅದರ ತುದಿಯಲ್ಲಿ ಒಂದೇ ಮನೆ, ಒಂದೇ ಬಾವಿ. ಬಲೆ ಹೆಣೆಯುವ ಹೆಂಗಸೊಬ್ಬಳು ಎಳೆಗೂಸಿನೊಂದಿಗೆ ಅಲ್ಲಿದ್ದಳು. ಪಂಡಿತನು ಆ ಬಾವಿಯ ನೀರನ್ನು ಬಾಯಿಗೆ ಹಾಕಿ ಉಗುಳಿದನು.

"ಅರಮನೆಯ ನೀರಿನ ಗಾಡಿಯಿಂದ ಬದುಕಿದ್ದೇವೆ, ಸ್ವಾಮಿ. ಎಲ್ಲೆಡೆ ಸಿಹಿಯೆಂದು ಸಾರಿದರೆ ಗಾಡಿ ನಿಂತುಹೋಗುತ್ತದೆ" ಎಂದಳು ಅವಳು.

ಪಂಡಿತನು ಸಭೆಗೆ ಬಂದು ಕಂಡದ್ದನ್ನು ಹೇಳಿದನು. ಅರಸನು ನಕ್ಕನು.

"ಒಂದು ಬಾವಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಎಲ್ಲೆಡೆ ಸಿಹಿ ಎನ್ನು."

"ಹೆಚ್ಚುಕಡಿಮೆ ಎಲ್ಲೆಡೆ ಎನ್ನುತ್ತೇನೆ, ಪ್ರಭು. ಎಲ್ಲೆಡೆ ಎನ್ನಲಾರೆ."

"ಒಂದು ಪದಕ್ಕಾಗಿ ಪದವಿ ಕಳೆದುಕೊಳ್ಳುತ್ತೀಯಾ?"

"ಆ ಪದ ಒಂದು ಮನೆಯನ್ನು ನುಂಗುತ್ತದೆ, ಪ್ರಭು."

ಅರಸನು ಅವನ ಪದವಿಯ ಶಾಲು ಕಸಿದು ಹೊರಗಟ್ಟಿದನು. ಬೇರೊಬ್ಬ ಪಂಡಿತನು ಬಂದು ಹೌದೆಂದನು. ಡಂಗುರ ಮೊಳಗಿತು. ಗಾಡಿ ನಿಂತಿತು.

ಮರುದಿನ ಹಾಡಹಗಲಲ್ಲಿ, ರಾಜಬೀದಿಯಲ್ಲೇ, ಪದವಿ ಕಳೆದುಕೊಂಡವನು ಹೆಗಲ ಮೇಲೆ ಸಿಹಿನೀರಿನ ಕೊಡ ಹೊತ್ತು ನಡೆದನು. ಕಾವಲುಗಾರರು ಅಡ್ಡಗಟ್ಟಿದರು. "ನಾಡಿನಲ್ಲೆಲ್ಲ ಸಿಹಿನೀರಿರುವಾಗ ಈ ಕೊಡ ಯಾರಿಗೆ?"

"ನಿಮ್ಮ ನಾಡಿನ ಲೆಕ್ಕಕ್ಕೆ ಸೇರದವಳಿಗೆ."

ಅವರು ಕೊಡವನ್ನು ಒಡೆದರು. ಅವನು ಹಿಂದಿರುಗಿ ಇನ್ನೊಂದು ತಂದನು. ಅದನ್ನೂ ಒಡೆದರು. ಅವನು ಮತ್ತೊಂದು ತಂದನು. ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಒಬ್ಬ ಕುಂಬಾರನು ಮಾತ್ರ ಹೊಸ ಕೊಡಗಳನ್ನು ತಂದು ದಾರಿಯ ಬದಿಗೆ ಇಟ್ಟು ಹೋದನು. ಹೊತ್ತಿಳಿಯುವಾಗ ಕಾವಲುಗಾರರ ಕೈ ಸೋತಿತು. ನೀರು ಆ ಮನೆ ಸೇರಿತು. ಅರಸನ ಡಂಗುರ ವರ್ಷಗಟ್ಟಲೆ ಮೊಳಗಿತು. ಕೊಡವೂ ವರ್ಷಗಟ್ಟಲೆ ಅದೇ ಬೀದಿಯಲ್ಲಿ ಹೋಯಿತು.

ಗುರು ಕತೆ ಮುಗಿಸಿದರು. ಶಿಷ್ಯೆ ಸ್ವಲ್ಪ ಯೋಚಿಸಿ ಹೇಳಿದಳು: "ಆದರೆ ನನ್ನವು ಬರಿಯ ಬಿಂದುಗಳು, ಗುರುಗಳೇ. ಅಲ್ಲಿ ಯಾರೂ ವಾಸವಾಗಿಲ್ಲ."

"ಹೋಗಿ ನೋಡಿಬಂದೆಯಾ?" ಎಂದರು ಗುರು.

ಶಿಷ್ಯೆ ಲೇಖನಿ ತೆಗೆದುಕೊಂಡು 'ಹೆಚ್ಚುಕಡಿಮೆ ಎಲ್ಲೆಡೆ' ಎಂದು ಬರೆದಳು.