ಮಾಗಿಗೆ ಮುಂಚೆ ಕತ್ತರಿಸಿದ ಮಲ್ಲಿಗೆ

ಸೋಮಲಿಂಗನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊರೂರು ಸುತ್ತಿ, ಇದ್ದಬದ್ದ ಗುರುಗಳನ್ನೆಲ್ಲ ಬಿಟ್ಟು, ಹೊಳೆದಂಡೆಯ ಅಡವಯ್ಯನವರ ಗುಡಿಸಲು ಸೇರಿದ್ದ. ವರ್ಷ ತುಂಬುವ ಮೊದಲೇ ಮತ್ತೆ ಹೊರಡುವ ಆತುರ.

"ಅಪ್ಪಣೆ ಕೊಡಿ ಗುರುಗಳೇ, ಹೊರಡ್ತೀನಿ."

"ಹಿತ್ತಲಿನ ಮಾಗಿ ಮಲ್ಲಿಗೆ ಹೂ ಬಿಡಲಿ. ಅವತ್ತೇ ಹೊರಡು."

ಸೋಮಲಿಂಗ ಕುಣಿದಾಡಿಬಿಟ್ಟ. ಆಗಿನ್ನೂ ಕಾರ್ತಿಕ. ಚಳಿ ಬಲಿತರೆ ಹೂ ಬಂದೇ ಬರುತ್ತದೆ. ಆದರೆ ಅಲ್ಲಿಯವರೆಗೆ ಕಾಯುವವರು ಯಾರು?

ಮರುದಿನ ಗುರುಗಳು ಸ್ನಾನ ಮುಗಿಸಿ ಬಂದರೆ, ಆಳೆತ್ತರದ ಪೊದೆ ಮೊಣಕಾಲಿಗಿಳಿದಿತ್ತು. ಪಕ್ಕದಲ್ಲಿ ಕುಡುಗೋಲು ಹಿಡಿದ ಶಿಷ್ಯ.

"ಏನಯ್ಯಾ, ಗಿಡಕ್ಕೆ ಮುಡಿ ಕೊಡಿಸಿದೆಯಾ?"

"ಬೇಗ ಹೂ ಬರಲಿ ಅಂತ! ನಾನು ಬಂದ ಹೊಸದರಲ್ಲಿ ನೀವೂ ಕತ್ತರಿಸಿದ್ರಲ್ಲ? ಹೇಗೆ ನುಗ್ಗಿತ್ತು ಚಿಗುರು!"

"ಆಗ ಗಿಡದ ಮೇಲೆ ಏನಿತ್ತು?"

"ಏನೂ ಇರಲಿಲ್ಲ. ಹೂವೆಲ್ಲ ಮುಗಿದಿತ್ತು."

ಗುರುಗಳು ನೆಲದಿಂದ ಒಂದು ಕಡ್ಡಿ ಎತ್ತಿ, ತುದಿಯ ಎಲೆ ಸರಿಸಿದರು. ರಾಗಿ ಕಾಳಿನಂಥ ಮೊಗ್ಗು ಒತ್ತೊತ್ತಾಗಿ ಕೂತಿತ್ತು.

"ಇಡೀ ಮಳೆಗಾಲ ಅದು ಮಾಡಿಕೊಂಡ ಕೆಲಸ ಇದು."

ಸೋಮಲಿಂಗನ ಮುಖ ಇಳಿದುಹೋಯಿತು. "ಹಾಗಾದ್ರೆ ಈ ಸಲ ಹೂವಿಲ್ಲ! ಮುಂದಿನ ಮಾಗಿವರೆಗೂ ನಾನು ಇಲ್ಲೇ!"

"ನನ್ನನ್ನೇನು ಕೇಳ್ತೀಯ? ಗಿಡಾನ ಕೇಳು." ಗುರುಗಳು ಬಿದ್ದಿದ್ದ ಕಡ್ಡಿಗಳನ್ನು ಬಾಚಿಕೊಂಡು ಒಳಗೆ ಹೋದರು.

ಗಿಡ ಉತ್ತರ ಇಟ್ಟುಕೊಂಡೇ ಇತ್ತು. ಬೇಲಿಯಾಚೆ ಬಾಗಿದ್ದ ಒಂದು ರೆಂಬೆ ಕುಡುಗೋಲಿಗೆ ಸಿಕ್ಕಿರಲಿಲ್ಲ.

ಅದು ಕಣ್ಣಿಗೆ ಬಿದ್ದದ್ದೇ ತಡ, ಸೋಮಲಿಂಗನಿಗೆ ಬೇರೆ ಧ್ಯಾನವೇ ಇಲ್ಲ. ನೀರು ಹೊಯ್ದ. ಗೊಬ್ಬರ ಹೊತ್ತ. ಪಾತ್ರೆ ತಿಕ್ಕುತ್ತಿದ್ದವನು ಅರ್ಧಕ್ಕೇ ಎದ್ದು ಓಡುತ್ತಿದ್ದ.

"ಗುರುಗಳೇ, ಮೊಗ್ಗು ದಪ್ಪ ಆಗಿದೆ!"

"ಗುರುಗಳೇ, ತುದಿ ಬೆಳ್ಳಗಾಯ್ತು!"

"ನನ್ನ ಜಪ ಕೆಟ್ಟಿತು," ಎನ್ನುತ್ತಿದ್ದರು ಗುರುಗಳು, ಎದ್ದು ಬಂದು ನೋಡುತ್ತಲೂ ಇದ್ದರು.

ಪುಷ್ಯದ ಒಂದು ಬೆಳಗ್ಗೆ ಹಿತ್ತಲಿನಿಂದ ಕೂಗು ಬಂತು. "ಬಿಡ್ತು! ಗುರುಗಳೇ, ಬಿಡ್ತು! ಬೇಗ ಬನ್ನಿ!"

ಇಬ್ಬರೂ ಬೇಲಿಗೆ ಬಾಗಿದರು. ಮಂಜಿನಲ್ಲಿ ನೆಂದ ಒಂದೇ ಒಂದು ಹೂ.

"ಸರಿ," ಎಂದರು ಗುರುಗಳು. "ಇನ್ನು ಹೊರಡು."

"ಈಗಲೇ? ಪಕ್ಕದ ಮೊಗ್ಗು ಇನ್ನೂ ಅರಳಿಲ್ಲ! ಎಲ್ಲ ಮುಗಿದ ಮೇಲೆ ಕತ್ತರಿಸಬೇಕು, ಈ ಸಲ ಸರಿಯಾಗಿ ಕತ್ತರಿಸ್ತೀನಿ!"

"ಮಾತು ಅಂದರೆ ಮಾತು."

ಗುರುಗಳು ಒಳಗಿನಿಂದ ಒಂದು ಒಡಕು ಕುಡಿಕೆ ತಂದು ಅವನ ಕೈಗಿಟ್ಟರು. ಅದರ ಮಣ್ಣಲ್ಲಿ ಅವನೇ ಕತ್ತರಿಸಿ ಬಿಸಾಡಿದ್ದ ಕಡ್ಡಿ. ಗೆಣ್ಣಿನಲ್ಲಿ ಎಳೆ ಚಿಗುರು. ಕುಡಿಕೆಯ ಬಿರುಕಿನಿಂದ ಬಿಳಿ ಬೇರು ಇಣುಕುತ್ತಿತ್ತು.

"ಬದುಕಿದೆ! ಗುರುಗಳೇ, ಇದು ಬದುಕಿದೆ!" ಕುಡಿಕೆಯನ್ನು ಎದೆಗವಚಿಕೊಂಡ ಸೋಮಲಿಂಗ. "ಎಲ್ಲಿ ನೆಡಲಿ ಇದನ್ನ?"

"ಅದು ಹೂ ಬಿಡುವವರೆಗೂ ನೀನು ನಿಲ್ಲುವ ಕಡೆ."